ಕೋಳಿಗೂಡಿಗೆ ಬೇಕಾದುದು ನೀರಲ್ಲ, ಒಣ ಹಾಸು



ನಿಮ್ಮ ಪಾಪನಿವೇದನೆಯನ್ನು ಆಲಿಸುವ ನಾವು ಈ ಸಲ ಕೃಷಿ ಮತ್ತು ಆರೋಗ್ಯದ ಈ ಪುಟದಲ್ಲಿ ನಮ್ಮದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

2022ರ ಮೇ ತಿಂಗಳಲ್ಲಿ ಇಗರ್ಜಿಯ ಬಡವರ ನಿಧಿಯಿಂದ ಆರು ಕುಟುಂಬಗಳಿಗೆ ಇಪ್ಪತ್ತಿಪ್ಪತ್ತು ಕೋಳಿಮರಿಗಳನ್ನು ಕೊಡಿಸಿದ್ದೆವು. ಮರಿಗಳನ್ನು ಹಂಚಿದ ಭಾನುವಾರ, ಬಲಿಪೂಜೆ ಮುಗಿದ ಮೇಲೆ ಆ ಆರು ಮನೆಯವರನ್ನೂ ಕೂರಿಸಿಕೊಂಡು, “ಗೂಡನ್ನು ದಿನವೂ ನೀರು ಹೊಯ್ದು ತೊಳೆಯಿರಿ, ಕೊಳೆ ಇದ್ದಲ್ಲಿ ರೋಗ ಬರುತ್ತದೆ” ಎಂದು ಗಟ್ಟಿಯಾಗಿ ಉಪದೇಶ ಮಾಡಿದ್ದೆವು. ಗುರುಗಳು ಹೇಳಿದ ಮಾತೆಂದು ಹೆಚ್ಚಿನವರು ಹಾಗೆಯೇ ನಡೆದುಕೊಂಡರು. ಜೂನ್ ನಡುವಿನಲ್ಲಿ ಮಳೆ ಹಿಡಿಯಿತು. ತಿಂಗಳು ಮುಗಿಯುವುದರೊಳಗೆ ಒಂದೊಂದೇ ಗೂಡಿನಲ್ಲಿ ಮರಿಗಳು ರೆಕ್ಕೆ ಇಳಿಬಿಟ್ಟು, ಮೈ ಕೆದರಿಕೊಂಡು, ಮೂಲೆಯಲ್ಲಿ ಗುಂಪಾಗಿ ನಿಲ್ಲತೊಡಗಿದವು. ಒಬ್ಬ ತಾಯಿಯ ಇಪ್ಪತ್ತು ಮರಿಗಳಲ್ಲಿ ಹದಿಮೂರು ಸತ್ತವು. ಮೊಟ್ಟೆ ಮಾರಿ ಬಂದ ಹಣದಲ್ಲಿ ಮಗಳ ಕಾಲೇಜಿನ ಬಸ್ಸಿನ ಖರ್ಚು ತೂಗಿಸಬೇಕೆಂದು ಆಕೆ ಲೆಕ್ಕ ಹಾಕಿದ್ದರು. ಗುರುನಿವಾಸಕ್ಕೆ ಬಂದು ಆಕೆ ಹೇಳಿದ್ದು ಇಷ್ಟೇ: “ಫಾದರ್, ನೀವು ಹೇಳಿದ ಹಾಗೆಯೇ ದಿನಾ ತೊಳೆದೆ. ಒಂದು ದಿನವೂ ಬಿಡಲಿಲ್ಲ.”

ಸತ್ತ ಮರಿಯೊಂದನ್ನು ಮೃಗಾಸ್ಪತ್ರೆಗೆ ಕೊಂಡುಹೋದೆವು. ವೈದ್ಯರು ಅದನ್ನು ಕೊಯ್ದು ಕರುಳನ್ನು ತೋರಿಸಿದರು. ಒಳಗೆ ರಕ್ತ ತುಂಬಿತ್ತು. “ಇದು ರಕ್ತಭೇದಿ, ಒದ್ದೆ ನೆಲದ ಕಾಯಿಲೆ” ಎಂದರು. ಅಂದರೆ ನಾವು ಶುಚಿತ್ವವೆಂದು ಹೇಳಿಕೊಟ್ಟದ್ದೇ ರೋಗಕ್ಕೆ ದಾರಿಯಾಗಿತ್ತು.

ಆರು ಮನೆಗಳಲ್ಲಿ ಒಂದು ಮನೆಯ ಅಜ್ಜಿ ಮಾತ್ರ ನಮ್ಮ ಮಾತು ಕೇಳಿರಲಿಲ್ಲ. ಅವರು ಕಳೆದುಕೊಂಡದ್ದು ಒಂದೇ ಮರಿ, ಅದೂ ಮುಂಗುಸಿಯ ಬಾಯಿಗೆ. ಅವರ ಗೂಡಿನೊಳಗೆ ತಲೆ ಹಾಕಿ ನೋಡಿದಾಗ ನಾತವೇ ಇರಲಿಲ್ಲ. ಕಾಲ ಕೆಳಗೆ ನಾಲ್ಕು ಬೆರಳು ದಪ್ಪಕ್ಕೆ ಒಣ ಉಮಿ ಇತ್ತು. “ಬೈಯುತ್ತೀರೆಂದು ಹೇಳಿರಲಿಲ್ಲ ಫಾದರ್. ನಾನು ಗೂಡಿಗೆ ನೀರೇ ಮುಟ್ಟಿಸಿಲ್ಲ. ಕೋಳಿ ಮಣ್ಣಿನಲ್ಲಿ ಹೊರಳಿ ಸ್ನಾನ ಮಾಡುವ ಜಾತಿ, ಅದರ ಮನೆಗೆ ನೀರು ಯಾಕೆ?” ಎಂದರು. ಅವರಿಂದಲೂ ವೈದ್ಯರಿಂದಲೂ ನಾವು ಕಲಿತದ್ದನ್ನು, ಆಮೇಲೆ ಓದಿ, ನಮ್ಮ ಗೂಡಿನಲ್ಲಿ ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಾಸು ಮಾಡುವ ಕೆಲಸ ಏನು?

ಗೂಡಿನ ನೆಲಕ್ಕೆ ಹರಡುವ ಉಮಿ, ಮರದ ಹುಡಿ ಮೊದಲಾದುವನ್ನು ಇಲಾಖೆಯವರು ಲಿಟ್ಟರ್ ಎನ್ನುತ್ತಾರೆ. ನಾವು ಹಾಸು ಎಂದು ಕರೆಯೋಣ. ಇದು ಕೋಳಿಗೆ ಮೆತ್ತಗಿರಲಿ ಎಂದು ಹಾಕುವ ಹಾಸಿಗೆಯಲ್ಲ. ನೀರನ್ನು ಹೀರಿ, ಮತ್ತೆ ಗಾಳಿಗೆ ಬಿಟ್ಟುಕೊಡುವುದು ಇದರ ಮುಖ್ಯ ಕೆಲಸ.

ಲೆಕ್ಕ ಹೀಗಿದೆ. ಬೆಳೆದ ಒಂದು ಹೇಂಟೆ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಹಸಿ ಹಿಕ್ಕೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ. ಇಡೀ ದಿನ ಗೂಡಿನಲ್ಲೇ ಇರುವ ಇಪ್ಪತ್ತು ಕೋಳಿಗಳಿಂದ ದಿನಕ್ಕೆ ಒಂದೂವರೆ ಲೀಟರು, ತಿಂಗಳಿಗೆ 45 ಲೀಟರು, ಅಂದರೆ ನಾಲ್ಕು ಕೊಡದಷ್ಟು ನೀರು ನೆಲಕ್ಕೆ ಸೇರುತ್ತದೆ. ಕುಡಿಯುವ ಪಾತ್ರೆಯಿಂದ ಚೆಲ್ಲುವುದು ಬೇರೆ. ಈ ನೀರೆಲ್ಲ ಹಾಸಿನ ಮೂಲಕ ಗಾಳಿಗೆ ಹೋಗಬೇಕು. ಹೀಗಿರುವಾಗ ನಾವೂ ಎರಡು ಕೊಡ ಹೊಯ್ದರೆ ಅದು ಒಣಗುವುದು ಎಂತು? ನಮ್ಮ ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ದಿನಗಳಲ್ಲಿ ತೊಳೆದ ಬಟ್ಟೆಯೇ ಒಣಗುವುದಿಲ್ಲ, ತೊಳೆದ ಗೂಡು ಒಣಗೀತೇ?

ರಕ್ತಭೇದಿಯ ರೋಗಾಣು ಕೋಳಿಯ ಹಿಕ್ಕೆಯಲ್ಲಿ ತತ್ತಿಯ ರೂಪದಲ್ಲಿ ಹೊರಬರುತ್ತದೆ. ಹೊರಬಂದ ಕೂಡಲೇ ಅದು ರೋಗ ಹರಡಲಾರದು. ತೇವ, ಬಿಸುಪು ಮತ್ತು ಗಾಳಿ ದೊರೆತರೆ ಒಂದೆರಡು ದಿನಗಳಲ್ಲಿ ಬಲಿಯುತ್ತದೆ. ಆಮೇಲೆ ಮರಿ ಅದನ್ನು ಕೊಕ್ಕಿನಿಂದ ಹೆಕ್ಕಿ ನುಂಗಿದರೆ ರೋಗ ಹತ್ತುತ್ತದೆ. ಮೂರರಿಂದ ಎಂಟು ವಾರದ ಮರಿಗಳಿಗೆ ಅಪಾಯ ಹೆಚ್ಚು. ಸಾಮಾನ್ಯ ಫಿನಾಯಿಲಿಗೆ ಈ ತತ್ತಿ ಸಾಯುವುದಿಲ್ಲ. ಒಣ ನೆಲದಲ್ಲಿ ಮಾತ್ರ ಅದು ಬಲಿಯಲಾರದೆ ಸೊರಗುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಮೃಗವೈದ್ಯರನ್ನು ಕೇಳಿ ಕುಡಿಯುವ ನೀರಿಗೆ ಔಷಧಿ ಹಾಕಿದರೆ ಉಳಿದ ಮರಿಗಳನ್ನು ಉಳಿಸಿಕೊಳ್ಳಬಹುದು. ಒಂದು ವಾರ ಕಾದರೆ ತಡವಾಗುತ್ತದೆ.

ಯಾವ ಹಾಸು ಒಳ್ಳೆಯದು?

ಭತ್ತದ ಉಮಿ: ಇದು ನೀರನ್ನು ಬಹಳ ಹೀರುವುದಿಲ್ಲ. ಆದರೆ ಗಂಟು ಕಟ್ಟುವುದಿಲ್ಲ, ನಡುವೆ ಗಾಳಿಯಾಡುತ್ತದೆ, ಕೋಳಿ ಕೆದಕಿದಷ್ಟೂ ಒಣಗುತ್ತದೆ. ಗದ್ದೆಗಳು ಕಡಿಮೆಯಾದುದರಿಂದ ಈಗ ಮನೆಯಲ್ಲಿ ಉಮಿ ಸಿಗುವುದು ಅಪರೂಪ. ಅಕ್ಕಿ ಗಿರಣಿಯಿಂದ ತರಬೇಕಾಗುತ್ತದೆ.

ಮರದ ಚಕ್ಕೆ ಮತ್ತು ಹುಡಿ: ಬಡಗಿ ಮರ ಕೀಸುವಾಗ ಸುರುಳಿಯಾಗಿ ಬೀಳುವ ಚಕ್ಕೆ ಬಹಳ ಉತ್ತಮ. ನೀರನ್ನೂ ಹೀರುತ್ತದೆ, ಬೇಗ ಒಣಗುತ್ತದೆ. ಗರಗಸದ ನುಣ್ಣನೆಯ ಹುಡಿಯಲ್ಲಿ ಎರಡು ತೊಂದರೆ. ಎಳೆ ಮರಿಗಳು ಅದನ್ನು ಆಹಾರವೆಂದು ತಿನ್ನುತ್ತವೆ, ಅಲ್ಲದೆ ಧೂಳೆದ್ದು ಉಸಿರಿಗೆ ಸೇರುತ್ತದೆ. ಮಿಲ್ಲಿನ ಹೊರಗೆ ಮಳೆಗೆ ನೆನೆದು ರಾಶಿ ಬಿದ್ದ ಹುಡಿಯನ್ನು ಪುಕ್ಕಟೆ ಸಿಕ್ಕಿತೆಂದು ತರಬೇಡಿ. ಅದರಲ್ಲಿ ಬೂಷ್ಟು ಬೆಳೆದಿರುತ್ತದೆ, ಬೂಷ್ಟಿನ ಬೀಜ ಮರಿಗಳ ಶ್ವಾಸಕೋಶಕ್ಕೆ ಹೋಗಿ ಅವು ಬಾಯಿ ತೆರೆದು ಏದುತ್ತಾ ಸಾಯುತ್ತವೆ. ಪ್ಲೈವುಡ್ಡಿನ ಹುಡಿ ಮತ್ತು ಗೆದ್ದಲ ಔಷಧಿ ಹಚ್ಚಿದ ಮರದ ಹುಡಿ ಕೂಡದು.

ತೆಂಗಿನ ನಾರಿನ ಹುಡಿ: ಮಲಯಾಳದಲ್ಲಿ ಚಕಿರಿಚ್ಚೋರ್ ಎನ್ನುವ ಇದು ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ಬೇಸಗೆಯಲ್ಲಿ ಇದು ಗುಣ, ಮಳೆಗಾಲದಲ್ಲಿ ಇದೇ ದೋಷ. ಹೀರಿದ ನೀರನ್ನು ಸುಲಭವಾಗಿ ಬಿಟ್ಟುಕೊಡದೆ ಸ್ಪಂಜಿನಂತೆ ಹಿಡಿದುಕೊಳ್ಳುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಉಮಿಯ ಜೊತೆ ಬೆರೆಸಿ ಹಾಕಿದರೆ ಉಪಯುಕ್ತ.

ಅಡಿಕೆ ಸಿಪ್ಪೆ: ನಮ್ಮಲ್ಲಿ ಇದಕ್ಕೆ ಬರವಿಲ್ಲ. ಆದರೆ ಇಡಿಯಾಗಿ ಹಾಕಿದರೆ ಉದ್ದ ನಾರು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಗಂಟಲ ಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಳೆದ ಕೋಳಿಗಳ ಗೂಡಿಗೆ, ಅದೂ ಚಿಕ್ಕದಾಗಿ ಕೊಚ್ಚಿ ಹಾಕುವುದಾದರೆ ಮಾತ್ರ ಆಗಬಹುದು.

ಬೈಹುಲ್ಲು ಮತ್ತು ತರಗೆಲೆ: ಬೈಹುಲ್ಲನ್ನು ಎರಡಂಗುಲದ ತುಂಡುಗಳಾಗಿ ಕಡಿದು ಹಾಕಬೇಕು. ತರಗೆಲೆ ಒಂದರ ಮೇಲೊಂದು ಅಂಟಿ ಚಾಪೆಯಂತಾಗಿ ಅಡಿಯಲ್ಲಿ ನೀರು ನಿಲ್ಲುತ್ತದೆ. ಹಟ್ಟಿಗೆ ಅದು ಸರಿ, ಕೋಳಿಗೂಡಿಗೆ ಸಲ್ಲದು. ಮರಿಗಳಿಗೆ ಬರಿಯ ದಿನಪತ್ರಿಕೆ ಹಾಸಿದರೆ ಕಾಲು ಜಾರಿ, ಕಾಲುಗಳು ಎರಡೂ ಕಡೆಗೆ ಅಗಲಿ ಸೊಟ್ಟಗಾಗುತ್ತವೆ.

ಮರಿಗಳಿಗೆ ಎರಡಂಗುಲ ದಪ್ಪದ ಹಾಸು ಸಾಕು. ಬೆಳೆದ ಕೋಳಿಗಳಿಗೆ ನಾಲ್ಕಂಗುಲದಿಂದ ಆರಂಭಿಸಿ, ಆಗಾಗ ಹೊಸತನ್ನು ಮೇಲೆ ಹರಡುತ್ತಾ ಎಂಟಂಗುಲದ ತನಕ ಬೆಳೆಸಬಹುದು. ಹಿಕ್ಕೆಯೂ ಉಮಿಯೂ ಬೆರೆತು ಅಡಿಯಲ್ಲಿ ನಿಧಾನವಾಗಿ ಗೊಬ್ಬರವಾಗುತ್ತದೆ. ಈ ದಪ್ಪ ಹಾಸನ್ನು ಮಳೆಗೆ ಎರಡು ತಿಂಗಳು ಮೊದಲೇ, ಅಂದರೆ ಏಪ್ರಿಲಿನ ಆರಂಭದಲ್ಲಿ ಹಾಕಿದರೆ ಒಣ ಹವೆಯಲ್ಲಿ ಚೆನ್ನಾಗಿ ನೆಲೆಗೊಳ್ಳುತ್ತದೆ. ಮಳೆ ಹಿಡಿದ ಮೇಲೆ ಹಾಕಿದರೆ ಮುದ್ದೆಯಾಗುತ್ತದೆ. ಮಳೆಗಾಲದಲ್ಲಿ ಮೇಲೆ ಹರಡಲು ಬೇಕಾದ ಎರಡು ಗೋಣಿ ಉಮಿಯನ್ನು ಮೇ ತಿಂಗಳ ಬಿಸಿಲಿಗೆ ಒಣಗಿಸಿ ಅಟ್ಟದಲ್ಲಿ ಕಟ್ಟಿಡಿರಿ.

ಹಗಲೆಲ್ಲ ಹೊರಗೆ ಬಿಟ್ಟು ರಾತ್ರಿ ಮಾತ್ರ ಕೂಡುವ ಮರದ ಪಟ್ಟಿಗಳ ಗೂಡಾದರೆ ಪಟ್ಟಿಗಳ ಮೇಲೆ ಹಾಸು ಬೇಡ. ಗೂಡಿನ ಅಡಿಯಲ್ಲಿ ಹಿಕ್ಕೆ ಬೀಳುವ ಜಾಗಕ್ಕೆ ಉಮಿ ಹರಡಿ, ಎರಡು ಮೂರು ದಿನಕ್ಕೊಮ್ಮೆ ಬಾಚಿ ತೆಗೆಯಿರಿ.

ಮುಷ್ಟಿಯ ಪರೀಕ್ಷೆ

ಹಾಸು ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಅಮುಕಿ ಕೈ ಬಿಚ್ಚಿರಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ. ತುಸು ಅಂಟಿ, ಕೂಡಲೇ ಉದುರಿದರೆ ಸರಿಯಾಗಿದೆ. ಸ್ವಲ್ಪವೂ ಅಂಟದೆ ಧೂಳೆದ್ದರೆ ತೀರಾ ಒಣಗಿದೆ.

ಎರಡನೆಯದು ಮೂಗಿನ ಪರೀಕ್ಷೆ. ನಾವು ನಿಂತ ಎತ್ತರದಲ್ಲಿ ನಾತ ಕಾಣದಿದ್ದರೂ ಕೋಳಿಯ ಎತ್ತರದಲ್ಲಿ ಇರಬಹುದು. ಆದುದರಿಂದ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕುಕ್ಕರಗಾಲಲ್ಲಿ ಕುಳಿತು ಮೂಸಿ ನೋಡಿರಿ. ಕಣ್ಣು ಉರಿದರೆ, ಮೂಗಿಗೆ ಚುರ್ರೆಂದರೆ ಅದು ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯ. ಅದರಲ್ಲಿ ರಾತ್ರಿಯಿಡೀ ಕುಳಿತ ಕೋಳಿಗೆ ಕಣ್ಣಿನ ಬೇನೆ, ನೆಗಡಿ, ಉಬ್ಬಸ ಬರುತ್ತದೆ, ಮೊಟ್ಟೆಯೂ ಕಡಿಮೆಯಾಗುತ್ತದೆ.

ದಿನದ ಮತ್ತು ವಾರದ ಕೆಲಸ

1. ನೀರಿನ ಪಾತ್ರೆಯನ್ನು ಹಾಸಿನ ಮೇಲೆ ಇಡಬೇಡಿ. ಎರಡು ಇಟ್ಟಿಗೆಯ ಮೇಲೆ, ಪಾತ್ರೆಯ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಬರುವಂತೆ ಇಡಿರಿ. ಹೆಚ್ಚಿನ ಗೂಡುಗಳು ಒದ್ದೆಯಾಗುವುದು ಇಲ್ಲಿಂದಲೇ. ಪಾತ್ರೆಯನ್ನು ದಿನವೂ ಹೊರಗೆ ತಂದು ಉಜ್ಜಿ ತೊಳೆಯಿರಿ. ನೀರು ಹೊಯ್ದು ತೊಳೆಯಬೇಕಾದುದು ಇದೊಂದನ್ನೇ.

2. ಒದ್ದೆಯಾದ, ಗಂಟು ಕಟ್ಟಿದ ಹಾಸನ್ನು ಅಂದಂದೇ ಸಲಿಕೆಯಿಂದ ತೆಗೆದು ಆ ಜಾಗಕ್ಕೆ ಒಣ ಹಾಸು ಹಾಕಿರಿ.

3. ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ದಿನವೂ, ಹಾಸನ್ನು ಕುಂಟಾಣಿಯಿಂದಲೋ ಕೋಲಿನಿಂದಲೋ ಕೆದಕಿ ಮಗುಚಿರಿ. ಸಂಜೆ ಒಂದು ಹಿಡಿ ಧಾನ್ಯ ಎರಚಿದರೆ ಕೋಳಿಗಳೇ ಕೆದಕಿ ಈ ಕೆಲಸ ಮಾಡುತ್ತವೆ.

4. ಒಂದು ಕೋಳಿಗೆ ಎರಡು ಚದರಡಿಗಿಂತ ಕಡಿಮೆ ಜಾಗ ಕೊಡಬೇಡಿ. ಕಿಕ್ಕಿರಿದ ಗೂಡನ್ನು ಯಾವ ಹಾಸೂ ಒಣಗಿಸಲಾರದು.

5. ಮಳೆ ಎರಚುವ ಪಡುವಣ ಮತ್ತು ತೆಂಕಣ ದಿಕ್ಕಿಗೆ ಮಡಲಿನ ತಟ್ಟಿ ಕಟ್ಟಿರಿ. ಆದರೆ ಮಾಡಿನ ಕೆಳಗೆ ಒಂದಡಿ ತೆರೆದೇ ಇರಲಿ. ಚಳಿಯಾಗುತ್ತದೆಂದು ಗೋಣಿಯಿಂದ ಪೂರ್ತಿ ಮುಚ್ಚಿದರೆ ಒಳಗಿನ ತೇವ ಹೊರಗೆ ಹೋಗಲಾರದು.

6. ಒಂದು ತಂಡದ ಕೋಳಿ ಮುಗಿದ ಮೇಲೆ ಹಾಸನ್ನು ಪೂರ್ತಿ ತೆಗೆಯಿರಿ. ಆಗ ಮಾತ್ರ ನೆಲ ಗೋಡೆಗಳನ್ನು ಕೆರೆದು, ಸಾಬೂನು ನೀರಿನಿಂದ ಉಜ್ಜಿ ತೊಳೆದು, ಚೆನ್ನಾಗಿ ಒಣಗಿಸಿ ಸುಣ್ಣ ಬಳಿಯಿರಿ. ಎರಡು ವಾರವಾದರೂ ಗೂಡು ಖಾಲಿ ಇರಲಿ. ಮುರಕಲ್ಲಿನ ಗೋಡೆಯ ತೂತುಗಳನ್ನು ಗಾರೆಯಿಂದ ಮುಚ್ಚಿರಿ.

ಹಾಸಿನ ಮೇಲೆ ಸುಣ್ಣ ಎರಚುವುದು ಹಳೆಯ ರೂಢಿ. ಕೋಳಿಗಳು ಒಳಗಿರುವಾಗ ಸುಣ್ಣ ಹೆಚ್ಚಾದರೆ ಅಮೋನಿಯ ಇನ್ನೂ ಹೆಚ್ಚು ಏಳುತ್ತದೆ, ಸುಟ್ಟ ಹಸಿ ಸುಣ್ಣವಾದರೆ ಕಾಲೂ ಬೇಯುತ್ತದೆ. ಸುಣ್ಣ ಖಾಲಿ ಗೂಡಿಗಿರಲಿ. ಹಾಗೆಯೇ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಹಿಕ್ಕೆಯ ಮೇಲೆ ಎಂದೂ ಎರಚಬೇಡಿ. ಅದು ಅಮೋನಿಯದೊಡನೆ ಸೇರಿ ವಿಷದ ಅನಿಲ ಹುಟ್ಟುತ್ತದೆ, ಗುಡಿಸುವವರ ಎದೆಗೇ ಅಪಾಯ.

ಹೇನು, ಉಣ್ಣೆ ಮತ್ತು ವಿಷದ ಬಾಟಲಿ

ಹಗಲು ಮರದ ಸಂದಿಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಸಣ್ಣ ಕೆಂಪು ಉಣ್ಣೆಗಳು ಕೋಳಿಗಳನ್ನು ಬಿಳಿಚಿಕೊಳ್ಳುವಂತೆ ಮಾಡುತ್ತವೆ. ರಾತ್ರಿ ಟಾರ್ಚು ಹಿಡಿದು ಕೋಳಿ ಕೂರುವ ಕೋಲಿನ ಅಡಿಭಾಗವನ್ನು ನೋಡಿದರೆ ತಿಳಿಯುತ್ತದೆ. ಕೋಲನ್ನು ತೆಗೆದು ಕುದಿಯುವ ನೀರು ಹೊಯ್ದು ಬಿಸಿಲಿಗಿಡಿರಿ, ಸಂದಿಗಳನ್ನು ಸುಣ್ಣದಿಂದ ತುಂಬಿರಿ. ಗೂಡಿನ ಹತ್ತಿರ ಮಳೆ ಬೀಳದ ಜಾಗದಲ್ಲಿ ಹೊಯಿಗೆ ಮತ್ತು ತಣಿದ ಒಲೆಯ ಬೂದಿ ಬೆರೆಸಿಟ್ಟರೆ ಕೋಳಿಗಳು ಅದರಲ್ಲಿ ಹೊರಳಿ ಮೈಯ ಹೇನನ್ನು ತಾವೇ ಕಳೆದುಕೊಳ್ಳುತ್ತವೆ.

ತೋಟಕ್ಕೆ ತಂದ ಕೀಟನಾಶಕದಲ್ಲಿ ಉಳಿದುದನ್ನು ಗೂಡಿಗೆ ಹೊಡೆಯುವ ಆಸೆ ಮಾತ್ರ ಬೇಡ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸುರಿದದ್ದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಷೇಧಿಸಿತು. ಆದರೆ ಹಾಸಿಗೆ ಹಿಡಿದ ಮಕ್ಕಳನ್ನು ಇಂದಿಗೂ ನೋಡಿಕೊಳ್ಳುತ್ತಿರುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಗೂಡಿಗೆ ಹೊಡೆದ ವಿಷ ಮೊಟ್ಟೆಯ ಮೂಲಕ ನಮ್ಮ ಮಕ್ಕಳ ಬಟ್ಟಲಿಗೇ ಬರುತ್ತದೆ.

ಮನೆಯವರ ಆರೋಗ್ಯ

ಹಾಸು ತೆಗೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿರಿ. ಉಬ್ಬಸ ಇರುವವರು ಆ ಕೆಲಸ ಮಾಡಬಾರದು. ಗೂಡಿನ ಕೆಲಸಕ್ಕೆ ಬೇರೆಯೇ ಚಪ್ಪಲಿ ಇರಲಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಮರಿಗಳೊಡನೆ ಆಡಿದ ಮಕ್ಕಳ ಕೈಯನ್ನೂ ತೊಳೆಯಿಸಿರಿ. ಕೋಳಿಯ ಹಿಕ್ಕೆಯಲ್ಲಿರುವ ರೋಗಾಣುಗಳಿಂದ ವಾಂತಿಭೇದಿ ಬರುತ್ತದೆ. ಕೊಳೆಯಾದ ಮೊಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿಡಬೇಡಿ, ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಕೊಳೆ ಒಳಗೆ ಸೇರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಬೇಯಿಸಿ ತಿನ್ನಿರಿ. ರಾತ್ರಿ ಚೆಲ್ಲಿದ ಆಹಾರ ಉಳಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮಳೆಗಾಲದ ಇಲಿಜ್ವರದ ಭಯ ಎಲ್ಲರಿಗೂ ತಿಳಿದದ್ದೇ.

ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಅವುಗಳನ್ನು ಅಡಿಗೆ ಮಾಡಬೇಡಿ, ತೋಡಿಗೂ ಎಸೆಯಬೇಡಿ. ಅದು ಕೊಕ್ಕರೆ ರೋಗವಿರಬಹುದು, 2014ರಲ್ಲಿ ಕುಟ್ಟನಾಡಿನ ಬಾತುಗಳಿಗೂ 2020ರಲ್ಲಿ ಕೋಝಿಕ್ಕೋಡಿನ ಕೋಳಿಗಳಿಗೂ ಬಂದಂತಹ ಹಕ್ಕಿಜ್ವರವೂ ಇರಬಹುದು. ಬರಿಗೈಯಲ್ಲಿ ಮುಟ್ಟದೆ ಮೃಗಾಸ್ಪತ್ರೆಗೆ ತಿಳಿಸಿರಿ. ಕೊಕ್ಕರೆ ರೋಗಕ್ಕೆ ಲಸಿಕೆ ಇದೆ. ಹಾಸು ಎಷ್ಟು ಒಣಗಿದ್ದರೂ ಅದು ಲಸಿಕೆಯ ಬದಲಿಗೆ ಆಗುವುದಿಲ್ಲ.

ಹಳೆಯ ಹಾಸು ಹೊನ್ನು

ತೆಗೆದ ಹಾಸನ್ನು ಸುಡಬೇಡಿ. ಚೆನ್ನಾಗಿ ಕಳಿತ ದಪ್ಪ ಹಾಸಿನಲ್ಲಿ ಸುಮಾರು ನೂರಕ್ಕೆ 3 ಪಾಲು ಸಾರಜನಕ, 2 ಪಾಲು ರಂಜಕ, 2 ಪಾಲು ಪೊಟ್ಯಾಷ್ ಇರುತ್ತದೆ. ಇದು ಹಟ್ಟಿಗೊಬ್ಬರಕ್ಕಿಂತ ಬಲವಾದದ್ದು. ಆದರೆ ಹಸಿಯಾಗಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಬಾವಿಯಿಂದ ದೂರ, ಬಾವಿಗಿಂತ ತಗ್ಗಿನಲ್ಲಿ ರಾಶಿ ಹಾಕಿ, ಮಳೆ ಬೀಳದಂತೆ ಮಡಲು ಮುಚ್ಚಿ ಎರಡು ಮೂರು ತಿಂಗಳು ಬಿಡಿರಿ. ಆಮೇಲೆ ಬಸಳೆಗೆ, ಅಲಸಂಡೆಗೆ, ತೆಂಗು ಅಡಿಕೆಗೆ ಹಾಕಬಹುದು.

ಕೊನೆಯದಾಗಿ

ಹದಿಮೂರು ಮರಿ ಕಳೆದುಕೊಂಡ ಆ ತಾಯಿಗೆ ಬೇರೆ ಮರಿಗಳನ್ನು ಕೊಡಿಸಿದೆವು. ಹಾಗೆ ಮಾಡಿದ್ದು ದಾನವಲ್ಲ, ನಮ್ಮ ಮೇಲಿದ್ದ ಸಾಲ. ಹೊಸ ಮರಿಗಳ ಜೊತೆ ಎರಡು ಗೋಣಿ ಉಮಿಯನ್ನೂ ಕಳುಹಿಸಿದೆವು. ಹೇಗೆ ಹರಡಬೇಕೆಂದು ತೋರಿಸಲು ಹೋದದ್ದು ನಾವಲ್ಲ, ಆ ಅಜ್ಜಿ. ಈಗ ಆ ಮನೆಯಿಂದ ವಾರಕ್ಕೊಮ್ಮೆ ಮೊಟ್ಟೆ ಅಂಗಡಿಗೆ ಹೋಗುತ್ತದೆ. ಮುಂದೆ ಬಡವರ ನಿಧಿಯಿಂದ ಮರಿ ಕೊಡುವಾಗಲೆಲ್ಲ ಉಮಿಯನ್ನೂ ಸೇರಿಸಿಯೇ ಕೊಡುವುದೆಂದು ನಿಶ್ಚಯಿಸಿದ್ದೇವೆ.

ಜೆರುಸಲೇಮಿಗಾಗಿ ಮರುಗಿದಾಗ ಪ್ರಭು ಯೇಸು ತನ್ನನ್ನು ಹೋಲಿಸಿಕೊಂಡದ್ದು ಸಿಂಹಕ್ಕಲ್ಲ, ಹದ್ದಿಗಲ್ಲ, ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ಹೇಂಟೆಗೆ. ಆ ರೆಕ್ಕೆಯಡಿಯಲ್ಲಿ ಬಿಸುಪೂ ಇದೆ, ಒಣ ಜಾಗವೂ ಇದೆ. ನಮ್ಮ ಗೂಡಿನ ಜೀವಗಳಿಗೆ ನಾವು ಅಷ್ಟಾದರೂ ಒದಗಿಸೋಣ. ಈ ವಾರ ನಿಮ್ಮ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದು ಹಿಡಿ ಹಾಸನ್ನು ಅಮುಕಿ ನೋಡಿರಿ. ಅದು ಉಂಡೆಯಾದರೆ ಭಾನುವಾರದವರೆಗೆ ಕಾಯಬೇಡಿ.

ದೇವರು ನಿಮ್ಮನ್ನೂ ನಿಮ್ಮ ಮನೆ, ಹಟ್ಟಿ, ಗೂಡುಗಳನ್ನೂ ಹರಸಲಿ.